ಗೂಡಿನ ಹತ್ತಿರ ಯಾರೋ

ಜೀವವಿರುವ ಮೈ ಹತ್ತಿರ ಬಂದರೆ ಫೋನುಗಳು ತಮ್ಮ ತರಂಗವನ್ನು ತಗ್ಗಿಸಿಕೊಳ್ಳುತ್ತಿದ್ದವು. ಎರಡೂ ಕಡೆ ಮಾತು ಸಣ್ಣಗಾಗುತ್ತಿತ್ತು. ಹಾಗಾಗಿ ಹುಬ್ಬಳ್ಳಿಯ ಎಲ್ಲ ಮನೆಗಳಂತೆ ನೀಲವ್ವನ ಮನೆಯಲ್ಲೂ ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಎದುರಿನ ಗೋಡೆಗೆ ಒರಗಿ ಮಾತಾಡುವುದು ರೂಢಿ.

ಅತ್ತೆ ಬಸಲಿಂಗವ್ವನಿಗೆ ಮಾತ್ರ ಅದು ಕೊನೆಯವರೆಗೂ ರೂಢಿಯಾಗಲಿಲ್ಲ. ಅವಳಿಗೆ ಕಿವಿ ಮಂದ. ಲಾರಿ ಓಡಿಸುವ ಮಗನ ಫೋನು ಬಂದರೆ ಸಾಕು, ಹೋಗಿ ಗೂಡಿಗೇ ಕಿವಿ ಹಚ್ಚುತ್ತಿದ್ದಳು. ಹತ್ತಿರ ಹೋದಷ್ಟೂ ಮಗನ ದನಿ ಇಂಗಿಹೋಗುತ್ತಿತ್ತು. “ಅತ್ತಿ, ದೂರ ಸರೀರಿ,” ಎಂದು ನೀಲವ್ವ ಗದರುತ್ತಿದ್ದಳು. ಮುದುಕಿ ತೀರಿಕೊಂಡು ಈಗ ತಿಂಗಳಾಗಿತ್ತು.

ಅಂದು ಸಂಜೆ ನೀಲವ್ವ ಒಬ್ಬಳೇ ಎದುರಿನ ಗೋಡೆಗೆ ಒರಗಿ ಕೂತು, ಮೆಂತ್ಯ ಸೊಪ್ಪು ಸೋಸುತ್ತ ಗಂಡನೊಡನೆ ಮಾತಾಡುತ್ತಿದ್ದಳು. ನಡುವೆಯೇ ಅವನ ದನಿ ಸಣ್ಣಗಾಯಿತು.

“ಗೂಡಿನ ಹತ್ರ ಯಾಕ ಬಂದಿ ನೀಲಾ? ಮಾತು ಕೇಳವಲ್ದು.”

“ನಾ ಇಲ್ಲೇ ಕುಂತೀನ್ರೀ.”

“ಮತ್ತ ಯಾರ ಬಂದಾರ?”

ನೀಲವ್ವ ಗೂಡಿನ ಕಡೆ ನೋಡಿದಳು. ಯಾರೂ ಇರಲಿಲ್ಲ. ದೂರ ಸರೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

“ಏನರ ಮಾತಾಡ್ರೀ,” ಎಂದಳು. “ಜೋರಾಗಿ.”

ಆ ಕಡೆಯಿಂದ ಅವನು ಕೂಗಿದ. ಅದು ಪಿಸುಮಾತಾಗಿ ಬಂತು.

“ಯವ್ವಾ, ಊಟ ಆತೇನಬೇ?”

ಫೋನು ಇನ್ನೂ ತಗ್ಗಿತು. ಯಾರಾದರೂ ಕಿವಿ ಹಚ್ಚಿದಾಗ ಮಾತ್ರ ಅದು ಅಷ್ಟು ತಗ್ಗುತ್ತಿತ್ತು.