ಹಳೆಯ ವಾಚಿಗೂ ಬಂದ ದಣಿವು

ಒಬ್ಬರ ದಣಿವನ್ನು ಇನ್ನೊಬ್ಬರ ಮೈಗೆ ದಾಟಿಸಿ ಹಂಚಿಕೊಳ್ಳುವ ಸೌಲಭ್ಯ ಹೊಸ ವಾಚುಗಳಿಗೆ ಬಂದು ಬಹಳ ಕಾಲವಾಗಿತ್ತು. ಓಟ, ನಡಿಗೆ ಅಳೆಯುವ ಹಳೆಯ ವಾಚುಗಳಿಗೂ ಕೊಡಬೇಕೇ ಬೇಡವೇ ಎಂದು ಕಂಪನಿಯವರು ಮೀನಮೇಷ ಎಣಿಸಿ, ಕೊನೆಗೆ ಈ ಆಷಾಢಕ್ಕೆ ಕೊಟ್ಟರು. ವಿಮಲಾಕ್ಷಮ್ಮನವರ ಕೈಯಲ್ಲಿದ್ದದ್ದೂ ಅಂಥ ಹಳೆಯ ವಾಚೇ. ಹೋದ ವರ್ಷ ಅವರ ಉಸಿರು ಕಟ್ಟಿ, ಚಾಮುಂಡಿ ಬೆಟ್ಟದ ಮೆಟ್ಟಿಲುಪೂಜೆ ನಂದಿಯ ಹತ್ತಿರವೇ ನಿಂತುಹೋಗಿತ್ತು.

"ಅಕ್ಕ, ಗುಂಡಿ ಒತ್ತು. ನಿನ್ನ ಸುಸ್ತೆಲ್ಲ ನನ್ನ ವಾಚಿಗೆ ಬರ್ಲಿ," ಎಂದಳು ತಂಗಿ ಪಂಕಜ, ಬೆಟ್ಟದ ಬುಡದಲ್ಲಿ.

"ಸುಸ್ತು ನಿನಗೆ, ಪುಣ್ಯ ನನಗಾ? ಚೆನ್ನಾಗಿದೆ ಕಣೇ ವ್ಯಾಪಾರ!"

"ಹಾಗಾದ್ರೆ ಈ ಸಲಾನೂ ನಂದಿಯಿಂದ್ಲೇ ವಾಪಸ್ ಬರ್ತೀಯಾ?"

ಅಕ್ಕ ಒತ್ತಿದರು. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ, ದೇವಿಯ ಸ್ತುತಿಯನ್ನು ಎಲ್ಲೂ ತಡವರಿಸದೆ ಹೇಳುತ್ತ ಹತ್ತಿದರು. ಬರಿಗೈಯಲ್ಲಿ ಹಿಂದೆ ಬರುತ್ತಿದ್ದ ಪಂಕಜ ಏದುಸಿರು ಬಿಡುತ್ತಿದ್ದಳು. ಇಳಿಯುವವರು ಯಾರೂ ತಿರುಗಿ ನೋಡಲಿಲ್ಲ. ಈಗೀಗ ಬೆಟ್ಟಕ್ಕೆ ಹೀಗೆ ಜೋಡಿಯಾಗಿ ಬರುವವರೇ ಹೆಚ್ಚು.

ಕೊನೆಯ ಮೆಟ್ಟಿಲಿಗೆ ಕುಂಕುಮ ಇಟ್ಟು, ಗೋಪುರ ನೋಡಿ, ಅಕ್ಕ ಮತ್ತೆ ಗುಂಡಿ ಒತ್ತಿದರು.

"ಅಯ್ಯೋ, ಯಾಕೆ ವಾಪಸ್ ತಗೊಂಡೆ?"

ವಿಮಲಾಕ್ಷಮ್ಮ ಅಲ್ಲೇ ಕುಸಿದು ಕುಳಿತರು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಮುಖದ ತುಂಬ ನಗು.

"ಸುಸ್ತೇ ಆಗ್ದೆ ಅಮ್ಮನ ಮುಂದೆ ನಿಂತ್ರೆ... ಹತ್ತಿ ಬಂದೆ ಅಂತ... ಯಾವ ಬಾಯಲ್ಲಿ ಹೇಳ್ಲೇ?"