ಎರಡು ದ್ವೀಪಗಳ ದುಭಾಷಿ

“ಆ ಕಳ್ಳನಿಗೆ ಹೇಳಿ, ಫೈನಲ್ ಅವನ ದ್ವೀಪದಲ್ಲಾದರೆ ನಮ್ಮ ಹಂದಿಗಳೂ ದೋಣಿ ಹತ್ತುವುದಿಲ್ಲ.”

ತಲೋವಾದ ಕ್ರೀಡಾಮಂತ್ರಿ ಫ್ರೆಂಚಿನಲ್ಲಿ ಗುಡುಗಿದ. ಕೋಕಿಲಾ ಎದುರಿಗಿದ್ದ ಮೆರುನಿಯ ಮಂತ್ರಿಯ ಕಡೆ ತಿರುಗಿದಳು. ಅವನ ಕಿವಿ ಆಗಲೇ ಕೆಂಪಾಗಿತ್ತು. ಸಿಟ್ಟಿನ ದನಿ ಯಾರಿಗೆ ತಿಳಿಯುವುದಿಲ್ಲ? ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: “ಅಂತಿಮ ಪಂದ್ಯದ ಸ್ಥಳದ ಬಗ್ಗೆ ಮಾನ್ಯರು ಇನ್ನೂ ಸ್ವಲ್ಪ ಯೋಚಿಸಬೇಕಂತೆ.”

ಮೇಜಿನ ನಡುವೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ನಡಾವಳಿಗೆಂದು ಮೊದಲ ದಿನವೇ ಇಬ್ಬರೂ ಒಪ್ಪಿ ಇಡಿಸಿದ್ದು.

ತಲೋವಾ ಮತ್ತು ಮೆರುನಿ, ನಲವತ್ತು ನಿಮಿಷದ ದೋಣಿಹಾದಿಯ ಆಚೀಚೆ ಇರುವ ಎರಡು ಪುಟ್ಟ ದೇಶಗಳು. ಒಂದನ್ನು ಫ್ರೆಂಚರು ಆಳಿದ್ದರು, ಇನ್ನೊಂದನ್ನು ಇಂಗ್ಲಿಷರು. ಸಾಗರ ಕ್ರೀಡಾಕೂಟವನ್ನು ಎರಡೂ ಸೇರಿ ನಡೆಸಿಕೊಡುತ್ತೇವೆಂದು ಟೋಕಿಯೋದಲ್ಲಿ ಜಂಟಿ ಬಿಡ್ ಸಲ್ಲಿಸಬೇಕಿತ್ತು. ಶುಕ್ರವಾರ ಕಡೆಯ ದಿನ. ಈ ಸುದ್ದಿ ಕೇಳಿ ಎರಡೂ ದ್ವೀಪಗಳಲ್ಲಿ ಜನ ಬೀದಿಗಿಳಿದು ಕುಣಿದಿದ್ದರು. ಈಗ ಕೈಬಿಟ್ಟ ಮಂತ್ರಿ ಊರಿಗೆ ಮುಖ ತೋರಿಸುವಂತಿರಲಿಲ್ಲ.

ಕೋಕಿಲಾಳ ಹಣೆಬರಹವೂ ಶುಕ್ರವಾರಕ್ಕೇ ಕಾದಿತ್ತು. ಮೈಸೂರಿನಲ್ಲಿ ಫ್ರೆಂಚ್ ಓದಿದವಳು, ಮದುವೆಯಾಗಿ ಟೋಕಿಯೋದ ಓಜಿಮಾ ಬಡಾವಣೆಯ ಫ್ಲ್ಯಾಟಿಗೆ ಬಂದು, ಮಗಳನ್ನು ಬೆಳೆಸುತ್ತ ಹನ್ನೊಂದು ವರ್ಷ ಕಳೆದಿದ್ದಳು. ಇದು ಮೊದಲ ಕೆಲಸ. ಸರಿಯಾಗಿ ಮುಗಿದರೆ ಏಜೆನ್ಸಿಯ ಕಾಯಂ ಪಟ್ಟಿಯಲ್ಲಿ ಅವಳ ಹೆಸರು.

“ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಬೇಕು,” ಎಂದು ಏಜೆನ್ಸಿಯ ಓನಿಶಿ-ಸಾನ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. “ಮೂವರನ್ನು ಅರ್ಧರ್ಧ ದಿನಕ್ಕೇ ವಾಪಸು ಕಳಿಸಿದ್ದಾರೆ, ಕೋಕಿಲಾ-ಸಾನ್. ನಮ್ಮಲ್ಲಿ ಒಂದಕ್ಷರ ತಪ್ಪದವರು ಅವರು. ಯಾಕೆಂದು ತಿಳಿಯದು.” ತಲೋವಾದವನಿಗೆ ಇಂಗ್ಲಿಷ್ ಬಾರದೆಂದೂ ಮೆರುನಿಯವನಿಗೆ ಫ್ರೆಂಚ್ ಬಾರದೆಂದೂ ಕೊಟ್ಟ ಹಾಳೆಯಲ್ಲಿ ಬರೆದಿತ್ತು.

ಅವಳನ್ನು ಮಾತ್ರ ಅವರು ಕಳಿಸಲಿಲ್ಲ. ಎರಡನೆಯ ದಿನ ತಲೋವಾದ ಮಂತ್ರಿ ಎದ್ದು ಬಂದು ಕೈಮುಗಿದ. “ಕೊನೆಯವರೆಗೂ ನೀವೇ ಇರಬೇಕು.” ಮೆರುನಿಯವನೂ ತಲೆದೂಗಿದ. ಆ ಸಂಜೆ ಅವಳು ರೈಲಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ.

“ಏನೇ, ನಿಮ್ ಮಿನಿಸ್ಟರ್‌ಗಳು ಇವತ್ತೂ ಕಿತ್ತಾಡಿದ್ರಾ?” ಬುಧವಾರ ಗಂಡ ಮಧುಕರ್ ಸಾರು ಬಡಿಸಿಕೊಳ್ಳುತ್ತ ಕೇಳಿದ.

“ದಿನಾ ಜಾಸ್ತಿ ಆಗ್ತಿದೆ ರೀ. ಇವತ್ತು ಒಬ್ಬ, ‘ನಿಮ್ಮಪ್ಪ ನಮ್ಮ ಬಲೆ ಕದ್ದಿದ್ದ’ ಅಂದ. ನಾನು, ‘ಮೀನುಗಾರಿಕೇಲಿ ನಮ್ಮದು ಹಳೇ ನಂಟು’ ಅಂತ ಹೇಳ್ದೆ.”

ಮಗಳು ಚಿನ್ಮಯಿ ಕಣ್ಣರಳಿಸಿದಳು. “ಬಟ್ ಅಮ್ಮಾ, ದಟ್ಸ್ ನಾಟ್ ವಾಟ್ ಹಿ ಸೆಡ್!”

“ಸುಮ್ನೆ ಊಟ ಮಾಡು. ನಿಮ್ಮಜ್ಜಿ ಫೋನಲ್ಲಿ ನಿಮ್ಮತ್ತೆ ಬಗ್ಗೆ ಅಂದಿದ್ದನ್ನೆಲ್ಲ ಅಂದಂಗೇ ದಾಟಿಸಿದ್ರೆ, ಅವರಿಬ್ರೂ ಇವತ್ತು ಒಂದ್ ಪಂಕ್ತೀಲಿ ಕೂರ್ತಿದ್ರಾ?”

ಮಧುಕರ್ ನಕ್ಕ. “ಅಲ್ಲಿ ರೆಕಾರ್ಡರ್ ಇರ್ಲಿಲ್ಲ ಕಣೇ.”

ಅವಳು ನಗಲಿಲ್ಲ. ತಾತ ದೀಪ ಹಚ್ಚಿ ಕಾವ್ಯ ವಾಚಿಸುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದವಳು ಅವಳು. ಸಂಧಾನದ ಪದ್ಯಗಳು ಬಂದಾಗ, ಮುಂದಿನದು ಬಾಯಿಗೇ ಬರುತ್ತಿದ್ದರೂ, ಈ ಸಲವಾದರೂ ಯುದ್ಧ ತಪ್ಪೀತೆಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು.

ಗುರುವಾರ ಯುದ್ಧ ತಪ್ಪಿತು. “ಈ ಹೇಡಿಯ ಜೊತೆ ನರಕಕ್ಕೂ ಹೋಗಲಾರೆ” ಎಂದದ್ದು ಅವಳ ಬಾಯಲ್ಲಿ “ಜೊತೆಯಾಗಿ ನಡೆಯುವುದು ಸುಲಭವಲ್ಲ, ನಿಜ” ಎಂದಾಯಿತು. ಉದ್ಘಾಟನೆ ತಲೋವಾದಲ್ಲಿ, ಫೈನಲ್ ಮೆರುನಿಯಲ್ಲಿ. ಇಬ್ಬರೂ ಒಪ್ಪಿದರು. ಕಣ್ಣೊರೆಸಿಕೊಳ್ಳಲು ಅವಳು ಕಾರಿಡಾರಿಗೆ ಹೋಗಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಸಹಿಯ ಬದಲು ಒಂದು ಜಂಟಿ ಹೇಳಿಕೆ ಹೊರಬಿತ್ತು.

“ಧ್ವನಿಮುದ್ರಣವನ್ನು ಪರಿಶೀಲಿಸಿದಾಗ, ದುಭಾಷಿಯು ನಮ್ಮಿಬ್ಬರಿಗೂ ನಾಲ್ಕು ದಿನ ಸುಳ್ಳು ಹೇಳಿದ್ದು ಬೆಳಕಿಗೆ ಬಂದಿದೆ. ನಿಜವಾಗಿ ಆಡಿದ ಮಾತುಗಳು ತಿಳಿದ ಮೇಲೆ ಒಟ್ಟಿಗೆ ನಡೆಯಲು ಸಾಧ್ಯವಿಲ್ಲ. ಬಿಡ್ ಕೈಬಿಡುತ್ತಿದ್ದೇವೆ. ಇದರಲ್ಲಿ ಎರಡೂ ದೇಶಗಳ ತಪ್ಪಿಲ್ಲ.”

ಏಜೆನ್ಸಿಯಲ್ಲಿ ಓನಿಶಿ-ಸಾನ್ ಧ್ವನಿಮುದ್ರಣದ ನಾಲ್ಕು ವಾಕ್ಯ ಕೇಳಿಸಿ ನಿಲ್ಲಿಸಿದರು. “ಈ ದನಿ ನಿಮ್ಮದೇ?”

“ಹೌದು.”

“ಯಾಕೆ ಹೀಗೆ, ಕೋಕಿಲಾ-ಸಾನ್?”

ಅವಳಿಗೆ ಹೇಳಲು ಬಂದದ್ದು ಒಂದೇ. “ಸುಮಿಮಾಸೆನ್.” ಕ್ಷಮಿಸಿ ಎಂದು ಬಾಗಿದಳು. ಓನಿಶಿ-ಸಾನ್ ಅವಳಿಗಿಂತ ಆಳವಾಗಿ ಬಾಗಿದರು. ಅಲ್ಲಿಗೆ ಮುಗಿಯಿತು. ಟೋಕಿಯೋದ ಯಾವ ಏಜೆನ್ಸಿಯೂ ಇನ್ನು ಅವಳನ್ನು ಕರೆಯುವುದಿಲ್ಲ.

“ಮನೆಗೆ ಬಾ. ನೀನು ಒಳ್ಳೇದಕ್ಕೇ ಮಾಡಿದ್ದು,” ಎಂದ ಮಧುಕರ್ ಫೋನಿನಲ್ಲಿ.

“ಕೆಲಸ ಹೋದ್ರೆ ಹೋಗ್ಲಿ ರೀ. ಎರಡು ದೇಶದ ಜನ ಕುಣಿದಿದ್ರು. ನನ್ನ ನಾಲಿಗೆಯಿಂದ ಮುರೀತಲ್ಲ.”

ಈ ಊರಿನಲ್ಲಿ ತಪ್ಪು ಮಾಡಿದವರು ಸಿಹಿಯ ಡಬ್ಬಿ ಹಿಡಿದು ಖುದ್ದಾಗಿ ಹೋಗಿ ಕ್ಷಮೆ ಕೇಳುತ್ತಾರೆ. ಅವಳು ಎರಡು ಡಬ್ಬಿ ಕೊಂಡಳು. ಎರಡೂ ಒಂದೇ ಅಳತೆಯವು, ಅದಕ್ಕೂ ಜಗಳವಾಗಬಾರದೆಂದು. ಒಂದು ಕ್ಷಮೆಯನ್ನು ಫ್ರೆಂಚಿನಲ್ಲಿ, ಇನ್ನೊಂದನ್ನು ಇಂಗ್ಲಿಷಿನಲ್ಲಿ ದಾರಿಯುದ್ದಕ್ಕೂ ಗುನುಗಿಕೊಂಡಳು. ಮೆದು ಮಾಡದೆ, ಇದ್ದದ್ದನ್ನು ಇದ್ದ ಹಾಗೆ.

ಇಬ್ಬರೂ ಹೋಟೆಲಿನ ಲಾಬಿಯಲ್ಲೇ ಸಿಕ್ಕರು, ಒಂದೇ ಸೋಫಾದಲ್ಲಿ, ಅವಳಿಗೆ ಬೆನ್ನುಹಾಕಿ. ಅವಳು ಮೂರು ಹೆಜ್ಜೆ ಹಿಂದೆ ನಿಂತಳು.

“ಆ ಪುಣ್ಯಾತ್ಗಿತ್ತಿ ಸಿಗದಿದ್ದರೆ,” ಎನ್ನುತ್ತಿದ್ದ ತಲೋವಾದ ಮಂತ್ರಿ, ಒಂದಿಷ್ಟೂ ತಡವರಿಸದ ಇಂಗ್ಲಿಷಿನಲ್ಲಿ, ಗೆಳೆಯನ ತೊಡೆ ತಟ್ಟಿ ನಗುತ್ತ, “ಈ ಹಾಳು ಕ್ರೀಡಾಕೂಟವನ್ನು ನಾವು ನಡೆಸಲೇಬೇಕಾಗುತ್ತಿತ್ತಲ್ಲಯ್ಯಾ!”