ಹತ್ತನೇ ನಂಬರಿನ ಶೂ

ನಿನ್ನೆ ತಾನೇ ಉಜ್ಜಿ ತೊಳೆದು, ಒಳಗೆ ಪೇಪರ್ ತುರುಕಿ ಒಣಗಲಿಟ್ಟಿದ್ದ ವಿಶ್ರುತ್‌ನ ಫುಟ್‌ಬಾಲ್ ಶೂಗಳ ಅಡಿಗೆ ಬೆಳಿಗ್ಗೆ ಮತ್ತೆ ಹಸಿ ಕೆಮ್ಮಣ್ಣು ಮೆತ್ತಿತ್ತು. ವನಜ ಮುಟ್ಟಿ ನೋಡಿದಳು. ಮಗ ತೀರಿಕೊಂಡು ತಿಂಗಳಾಗಿತ್ತು. ಅಷ್ಟು ದೊಡ್ಡ ಶೂ ಮನೆಯಲ್ಲಿ ಬೇರೆ ಯಾರ ಕಾಲಿಗೂ ಆಗದು.

"ನೀನೇ ಸರಿಯಾಗಿ ತೊಳ್ದಿಲ್ಲ ಬಿಡು," ಎಂದ ಗಂಡ ರಘು, ಶೂಗಳ ಕಡೆ ನೋಡದೆ.

ಪರಲೋಕಕ್ಕೆ ಹೋಗುವ ದಾರಿಯಲ್ಲಿ ಮಗನ ಕಾಲು ಸುಡದಿರಲೆಂದು ಹದಿಮೂರನೇ ದಿನ ಪುರೋಹಿತರಿಗೆ ಹೊಸ ಚಪ್ಪಲಿ ದಾನ ಕೊಟ್ಟಿದ್ದು ವನಜಳಿಗೆ ನೆನಪಾಯಿತು. "ರೀ, ದಾನದ ಚಪ್ಪಲಿ ಯಾವ ಸೈಜು ತಂದ್ರಿ?"

"ಎಂಟು." ರಘುವಿನ ದನಿ ಕುಗ್ಗಿತು. "ಫೋರ್ತ್ ಬ್ಲಾಕ್ ಅಂಗಡಿಯವ್ನು ಕೇಳ್ದಾಗ ಏನೂ ತೋಚ್ಲಿಲ್ಲ. ನನ್ನ ಸೈಜೇ ಹೇಳ್ಬಿಟ್ಟೆ."

"ಅವನದ್ದು ಹತ್ತು."

ವನಜ ಮಣ್ಣು ಒರೆಸಿದಳು. ಲೇಸು ಸಡಿಲಿಸಿ, ಶೂಗಳನ್ನು ಹೊಸಿಲಾಚೆ ಗೇಟಿನ ಕಡೆಗೆ ಮುಖ ಮಾಡಿ ಇಟ್ಟಳು, ಹಾಕಿಕೊಂಡು ಹೊರಡಲು ಸಲೀಸಾಗುವ ಹಾಗೆ.